ನಾಲ್ವರ ಆಟ, ಒಬ್ಬರ ರೆಕಾರ್ಡಿಂಗ್: ಗೇಮ್‌ಪ್ಲೇ ವಿಡಿಯೊದಲ್ಲಿ ಏನೇನು ಸೇರಿಕೊಳ್ಳುತ್ತದೆ?

ಮೊಬೈಲಿನಲ್ಲಿ ತಂಡ ಕಟ್ಟಿಕೊಂಡು ಆಡುವ ಶೂಟಿಂಗ್ ಆಟಗಳ ವಿಡಿಯೊಗಳು ಈಗ ವಾಟ್ಸ್‌ಆಪ್ ಗ್ರೂಪುಗಳಲ್ಲಿ, ಇನ್‌ಸ್ಟಾಗ್ರಾಂ ರೀಲ್ಸ್‌ಗಳಲ್ಲಿ, ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ಜೊತೆಗೆ ಕೆಲವು ಮಾತುಗಳೂ ಹರಿದಾಡುತ್ತವೆ. ‘ರೆಕಾರ್ಡ್ ಮಾಡಿದ್ರೆ ಐಡಿ ಬ್ಯಾನ್ ಆಗುತ್ತೆ’, ‘ರೆಕಾರ್ಡಿಂಗ್ ಹಾಕಿದ್ರೆ ಪಿಂಗ್ ಜಾಸ್ತಿ ಆಗುತ್ತೆ’, ‘ಮೈಕ್ ಆಫ್ ಇದ್ರೆ ನಮ್ಮ ಧ್ವನಿ ಬರಲ್ಲ’, ‘ಸಾವಿರ ಸಬ್‌ಸ್ಕ್ರೈಬರ್ ಆದ್ರೆ ದುಡ್ಡು ಶುರು’. ಇವುಗಳಲ್ಲಿ ಕೆಲವು ಸುಳ್ಳು, ಕೆಲವು ಅರ್ಧ ನಿಜ. ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚಿಕ್ಕಮಗಳೂರು ಜಿಲ್ಲೆಯ ನಾಲ್ವರು ಸೇರಿ ಒಂದು ಸ್ಕ್ವಾಡ್ ಮಾಡಿಕೊಂಡಿದ್ದಾರೆ ಎಂದುಕೊಳ್ಳಿ. ಒಬ್ಬ ಕಡೂರಿನ ಹುಡುಗ, ಒಬ್ಬ ತರೀಕೆರೆಯವ, ಇನ್ನಿಬ್ಬರು ಅಜ್ಜಂಪುರದ ಅಣ್ಣ-ತಂಗಿ. ಎಲ್ಲರೂ ಪಿಯುಸಿ ಆಸುಪಾಸಿನವರು. ಊಟಕ್ಕೆ ಮುಂಚೆ ಒಂದು ಮ್ಯಾಚ್ ಆಡುತ್ತಾರೆ. ರೆಕಾರ್ಡ್ ಗುಂಡಿ ಒತ್ತುವುದು ಕಡೂರಿನ ಹುಡುಗ ಮಾತ್ರ. ಉಳಿದ ಮೂವರಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ. ಹಾಗಾದರೆ ಅವನ ಫೋನಿನಲ್ಲಿ ಉಳಿಯುವ ಆ ಫೈಲಿನಲ್ಲಿ ಯಾರ್ಯಾರ ಏನೇನು ಇರುತ್ತದೆ? ಈ ಲೇಖನದ ಮುಖ್ಯ ಪ್ರಶ್ನೆ ಇದೇ.

‘ಬ್ಯಾನ್’ ಎಂಬ ಭಯ ಎಲ್ಲಿಂದ ಬಂತು?

ಈ ಆಟಗಳ ವಿಷಯದಲ್ಲಿ ‘ಬ್ಯಾನ್’ ಎಂಬ ಪದಕ್ಕೆ ಎರಡು ಅರ್ಥ. ಒಂದು, ಸರ್ಕಾರ ಆಟವನ್ನೇ ನಿಲ್ಲಿಸುವುದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆಪ್‌ಗಳನ್ನು ನಿರ್ಬಂಧಿಸಿದಾಗ ಪಬ್‌ಜಿ ಮೊಬೈಲ್ ಆ ಪಟ್ಟಿಯಲ್ಲಿತ್ತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ ಅದನ್ನು ಭಾರತಕ್ಕೆಂದೇ ಬಿಜಿಎಂಐ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ನಿರ್ಬಂಧಕ್ಕೆ ಒಳಗಾಯಿತು. ಅದೇ ವರ್ಷದ ಜುಲೈನಲ್ಲಿ ಬಿಜಿಎಂಐ ಕೂಡ ಆಪ್ ಸ್ಟೋರ್‌ಗಳಿಂದ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿ ಬಂತು.

ಇನ್ನೊಂದು, ಆಟದ ಕಂಪನಿ ಒಬ್ಬ ಆಟಗಾರನ ಖಾತೆಯನ್ನು ಮುಚ್ಚುವುದು. ಸಾಮಾನ್ಯವಾಗಿ ಇದು ಆಗುವುದು ಮೋಸಕ್ಕೆ, ಅಂದರೆ ಗೋಡೆಯಾಚೆಯ ಎದುರಾಳಿಯನ್ನು ತೋರಿಸುವ, ಗುರಿಯನ್ನು ತಾನಾಗಿಯೇ ಹಿಡಿಯುವ ಹ್ಯಾಕ್‌ಗಳನ್ನು ಬಳಸಿದಾಗ. ಫೋನಿನಲ್ಲೇ ಬರುವ ಸ್ಕ್ರೀನ್ ರೆಕಾರ್ಡರ್ ಆಟದ ಫೈಲುಗಳನ್ನು ಮುಟ್ಟುವುದಿಲ್ಲ. ಪರದೆಯ ಮೇಲೆ ಕಾಣುವ ಚಿತ್ರವನ್ನು ಆಂಡ್ರಾಯ್ಡ್ ವ್ಯವಸ್ಥೆಯೇ ಅದಕ್ಕೆ ಕೊಡುತ್ತದೆ. ಈ ಸೌಲಭ್ಯ ಐಫೋನ್‌ಗಳಲ್ಲಿ 2017ರಿಂದ, ಆಂಡ್ರಾಯ್ಡ್‌ನಲ್ಲಿ 2020ರ 11ನೇ ಆವೃತ್ತಿಯಿಂದ ಒಳಗೇ ಇದೆ.

ಅಪಾಯ ಇರುವುದು ಬೇರೆ ಕಡೆ. ‘ಲ್ಯಾಗ್ ಇಲ್ಲದ ರೆಕಾರ್ಡರ್’, ‘90 ಎಫ್‌ಪಿಎಸ್ ತೆರೆಯುವ ಆಪ್’ ಎಂದು ಟೆಲಿಗ್ರಾಂನಲ್ಲಿ ಸಿಗುವ ಎಪಿಕೆ ಫೈಲುಗಳಲ್ಲಿ ಕೆಲವು ಆಟದ ಫೈಲುಗಳನ್ನು ತಿದ್ದುತ್ತವೆ, ಕೆಲವು ಫೋನಿನಿಂದ ಮಾಹಿತಿ ಕದಿಯುತ್ತವೆ. ಖಾತೆ ಹೋದರೆ ಕಾರಣ ಇವುಗಳೇ ಹೊರತು ರೆಕಾರ್ಡ್ ಮಾಡಿದ್ದಲ್ಲ.

ರೆಕಾರ್ಡಿಂಗ್ ಹಾಕಿದರೆ ಪಿಂಗ್ ಏರುತ್ತದೆಯೇ?

ಪಿಂಗ್ ಎಂದರೆ ನಿಮ್ಮ ಫೋನಿನಿಂದ ಹೊರಟ ಸಂದೇಶ ಆಟದ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ. ಅದು ನೆಟ್‌ವರ್ಕಿಗೆ ಸಂಬಂಧಿಸಿದ್ದು. ರೆಕಾರ್ಡಿಂಗ್ ನಡೆಯುವುದು ಫೋನಿನೊಳಗೆ. ಆದ್ದರಿಂದ ರೆಕಾರ್ಡ್ ಮಾಡುವುದರಿಂದ ಪಿಂಗ್ ಏರುವುದಿಲ್ಲ. ಹಾಗಿದ್ದೂ ಆಟ ತೊದಲಿದಂತೆ ಆಗುವುದು ನಿಜ. ಅದಕ್ಕೆ ಕಾರಣ ತಿಳಿಯಲು ಸ್ವಲ್ಪ ಲೆಕ್ಕ ಹಾಕೋಣ.

720ಪಿ ಗುಣಮಟ್ಟದ ಒಂದು ಚಿತ್ರದಲ್ಲಿ 1280 × 720, ಅಂದರೆ ಸುಮಾರು 9.2 ಲಕ್ಷ ಚುಕ್ಕಿಗಳಿರುತ್ತವೆ. ಪ್ರತಿ ಚುಕ್ಕಿಯ ಬಣ್ಣಕ್ಕೆ 3 ಬೈಟ್ ಹಿಡಿದರೆ ಒಂದು ಚಿತ್ರ ಸುಮಾರು 2.8 ಎಂಬಿ. ಸೆಕೆಂಡಿಗೆ 30 ಚಿತ್ರ ಎಂದರೆ ಸುಮಾರು 83 ಎಂಬಿ, ನಿಮಿಷಕ್ಕೆ ಹತ್ತಿರ ಹತ್ತಿರ 5 ಜಿಬಿ! ಇದನ್ನು ಹಾಗೇ ಉಳಿಸಿಕೊಂಡರೆ ಫೋನು ಕೆಲವೇ ನಿಮಿಷಗಳಲ್ಲಿ ತುಂಬಿಹೋಗುತ್ತದೆ. ಹಾಗಾಗಿ ಫೋನಿನ ಚಿಪ್‌ನಲ್ಲಿರುವ ಎನ್‌ಕೋಡರ್ ಎಂಬ ಭಾಗ ಪ್ರತಿ ಚಿತ್ರವನ್ನು ಹಿಂದಿನ ಚಿತ್ರದ ಜೊತೆ ಹೋಲಿಸಿ, ಮುಖ್ಯವಾಗಿ ಬದಲಾದದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಸೆಕೆಂಡಿಗೆ 8 ಮೆಗಾಬಿಟ್ ಎಂದು ಹೊಂದಿಸಿದರೆ ನಿಮಿಷಕ್ಕೆ 60 ಎಂಬಿ ಸಾಕು.

ನೀವು ಗೋಡೆಯ ಹಿಂದೆ ಅಲುಗಾಡದೆ ಕೂತಾಗ ವಿಡಿಯೊ ಸ್ಪಷ್ಟವಾಗಿದ್ದು, ಹೊಗೆ ಬಾಂಬ್ ಹಾಕಿದಾಗ ಅಥವಾ ಹುಲ್ಲಿನಲ್ಲಿ ಓಡುವಾಗ ಚೌಕ ಚೌಕವಾಗಿ ಕಾಣಲು ಕಾರಣವೂ ಇದೇ. ಆಗ ಪರದೆಯ ಎಲ್ಲ ಚುಕ್ಕಿಗಳೂ ಒಮ್ಮೆಗೇ ಬದಲಾಗುತ್ತವೆ, ಬರೆದುಕೊಳ್ಳಲು ಇರುವ ಜಾಗ ಮಾತ್ರ ಅಷ್ಟೇ.

ಆಟವನ್ನು ಬಿಡಿಸಿ ತೋರಿಸುವುದು, ಜೊತೆಗೆ ಅದನ್ನು ಕುಗ್ಗಿಸಿ ಬರೆಯುವುದು, ಎರಡೂ ಸೇರಿ ಚಿಪ್ ಬಿಸಿಯಾಗುತ್ತದೆ. ಬಿಸಿ ಮಿತಿ ಮೀರಿದರೆ ಫೋನು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಕಡೂರಿನ ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನ, ಚಾರ್ಜಿಗೆ ಹಾಕಿಕೊಂಡೇ ಆಡುತ್ತಾ ರೆಕಾರ್ಡ್ ಮಾಡಿದರೆ ಇದು ಇನ್ನೂ ಬೇಗ. ಚಾರ್ಜರ್ ತೆಗೆಯುವುದು, ದಪ್ಪ ಕವರ್ ಬಿಚ್ಚುವುದು, 720ಪಿ 30 ಎಫ್‌ಪಿಎಸ್‌ಗೆ ಇಳಿಸುವುದು ನಿಜವಾದ ಪರಿಹಾರ.

ಆದರೆ ಲೈವ್ ಬೇರೆ. ಅಲ್ಲಿ ವಿಡಿಯೊ ಆಡುವಾಗಲೇ ಅಪ್‌ಲೋಡ್ ಆಗುತ್ತಿರುವುದರಿಂದ ಪಿಂಗ್ ಏರಬಹುದು. ಆಮೇಲೆ ಹಾಕುವುದಕ್ಕೂ ಲೆಕ್ಕವಿದೆ. 30 ನಿಮಿಷದ ಮ್ಯಾಚ್ ಎಂದರೆ 1.8 ಜಿಬಿ. ದಿನಕ್ಕೆ 1.5 ಜಿಬಿಯ ಪ್ಯಾಕ್ ಸಾಲದು. ಅಪ್‌ಲೋಡ್ ವೇಗ ಸೆಕೆಂಡಿಗೆ 4 ಮೆಗಾಬಿಟ್ ಇದ್ದರೆ ಪೂರ್ತಿ ಏರಲು ಒಂದು ಗಂಟೆ ಬೇಕು.

ಮೈಕ್ ಆಫ್ ಇದ್ದರೆ ಧ್ವನಿ ಬರುವುದಿಲ್ಲವೇ?

ಇಲ್ಲಿ ಹೆಚ್ಚು ಜನ ಎಡವುತ್ತಾರೆ. ಮೈಕಿಗೆ ಎರಡು ಸ್ವಿಚ್ ಇವೆ. ಆಟದೊಳಗಿನ ಮೈಕ್ ಸ್ವಿಚ್ ನಿಮ್ಮ ಮಾತು ಗೆಳೆಯರಿಗೆ ತಲುಪಬೇಕೇ ಎಂಬುದನ್ನು ನಿರ್ಧರಿಸುತ್ತದೆ. ರೆಕಾರ್ಡರಿನ ಮೈಕ್ ಸ್ವಿಚ್ ನಿಮ್ಮ ಸುತ್ತಲಿನ ಸದ್ದು ಫೈಲಿಗೆ ಸೇರಬೇಕೇ ಎಂಬುದನ್ನು ನಿರ್ಧರಿಸುತ್ತದೆ. ಒಂದನ್ನು ಆಫ್ ಮಾಡಿದರೆ ಇನ್ನೊಂದು ತಾನಾಗಿ ಆಫ್ ಆಗುವುದಿಲ್ಲ. ಗೆಳೆಯರಿಗೆ ಕೇಳಿಸದ, ಅಮ್ಮ ಒಳಗಿನಿಂದ ‘ಫೀಸ್ ಕಟ್ಟೋಕೆ ದುಡ್ಡಿಲ್ಲ ಅಂತೀನಿ, ನಿಂಗೆ ಆಟ’ ಎಂದು ಬೈದದ್ದು ವಿಡಿಯೊದಲ್ಲಿ ಇರಬಹುದು.

ಗೆಳೆಯರ ಧ್ವನಿಯ ಕಥೆ ಇನ್ನೊಂದು. ಆಂಡ್ರಾಯ್ಡ್ 10ನೇ ಆವೃತ್ತಿಯಿಂದ, ಅಂದರೆ 2019ರಿಂದ, ಆಟದ ಒಳಗಿನ ಸದ್ದನ್ನು ರೆಕಾರ್ಡ್ ಮಾಡಲು ಆಪ್‌ಗಳಿಗೆ ಅವಕಾಶವಿದೆ. ಆದರೆ ಮಾತುಕತೆ ಎಂದು ಗುರುತು ಹಾಕಿದ ಸದ್ದನ್ನು ಸಾಮಾನ್ಯ ಆಪ್‌ಗಳು ತೆಗೆದುಕೊಳ್ಳುವಂತಿಲ್ಲ. ಕೆಲವರ ವಿಡಿಯೊದಲ್ಲಿ ಗುಂಡಿನ ಸದ್ದು ಇದ್ದು ಗೆಳೆಯರ ಮಾತು ಇಲ್ಲದಿರುವುದು ಇದಕ್ಕೇ. ಆದರೆ ಇದನ್ನೇ ನಂಬಿಕೊಳ್ಳುವಂತಿಲ್ಲ. ಆಟ ತನ್ನ ಸದ್ದಿಗೆ ಯಾವ ಗುರುತು ಹಾಕಿದೆ ಎಂಬುದರ ಮೇಲೆ ಇದು ಬದಲಾಗುತ್ತದೆ. ಇಯರ್‌ಫೋನ್ ಇಲ್ಲದೆ ಸ್ಪೀಕರಿನಲ್ಲಿ ಆಡುತ್ತಾ ರೆಕಾರ್ಡರಿನ ಮೈಕ್ ಆನ್ ಇಟ್ಟರಂತೂ ಗೆಳೆಯರ ಮಾತು ಗಾಳಿಯ ಮೂಲಕವೇ ಫೈಲಿಗೆ ಸೇರುತ್ತದೆ.

ಈಗ ನಮ್ಮ ಉದಾಹರಣೆಗೆ ಬನ್ನಿ. ತರೀಕೆರೆಯ ಹುಡುಗ ಸೋತ ಸಿಟ್ಟಿನಲ್ಲಿ ಕೆಟ್ಟದಾಗಿ ಬೈದ. ಅಜ್ಜಂಪುರದ ತಂಗಿ ಅಣ್ಣನನ್ನು ಹೆಸರು ಹಿಡಿದು ಕರೆದಳು, ನಾಳೆ ಟ್ಯೂಷನ್ ಎಷ್ಟು ಹೊತ್ತಿಗೆ, ಎಲ್ಲಿ ಎಂದು ಹೇಳಿದಳು. ನಾಲ್ವರ ನಡುವೆ ಇದ್ದಾಗ ಇದು ಬರೀ ಮಾತು. ಯೂಟ್ಯೂಬಿಗೆ ಏರಿದ ಮೇಲೆ ಮೊದಲನೆಯದು ಆ ಹುಡುಗನ ಹೆಸರಿಗೆ ಅಂಟಿಕೊಳ್ಳುವ ಕ್ಲಿಪ್. ಎರಡನೆಯದು ಒಂದು ಹುಡುಗಿಯ ಧ್ವನಿ, ಹೆಸರು, ಊರು ಮತ್ತು ಹೊತ್ತು. ಗುರುತಿಲ್ಲದವರು ಕಾಮೆಂಟ್ ಹಾಕುವುದು ಅವಳ ಮೇಲೆ, ಮನೆಯಲ್ಲಿ ಫೋನು ಕಿತ್ತುಕೊಳ್ಳುವುದು ಅವಳಿಂದ. ರೆಕಾರ್ಡ್ ಮಾಡಿದವನಿಗೆ ಇದರ ಬಿಸಿ ತಟ್ಟುವುದೇ ಇಲ್ಲ.

ಡಿಲೀಟ್ ಮಾಡಿದರೆ ಆಯಿತಲ್ಲ ಎನ್ನಬಹುದು. ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದನ್ನು ಎಲ್ಲರಿಂದ ಅಳಿಸಲು ಸುಮಾರು ಎರಡೂವರೆ ದಿನ ಅವಕಾಶವಿದೆ. ಆದರೆ ಅಷ್ಟರಲ್ಲಿ ಯಾರಾದರೂ ಉಳಿಸಿಕೊಂಡಿದ್ದರೆ, ಬೇರೆ ಗ್ರೂಪಿಗೆ ಕಳಿಸಿದ್ದರೆ ಆ ಪ್ರತಿ ಅಳಿಯುವುದಿಲ್ಲ. ಯೂಟ್ಯೂಬಿನಲ್ಲಿ ತನ್ನ ಮುಖ, ಧ್ವನಿ ಅಥವಾ ಪೂರ್ತಿ ಹೆಸರು ಒಪ್ಪಿಗೆಯಿಲ್ಲದೆ ಬಂದಿದೆ ಎಂದು ದೂರು ಕೊಡಲು ವ್ಯವಸ್ಥೆಯಿದೆ. ಇದನ್ನು ವಿಡಿಯೊ ಹಾಕಿದವರಲ್ಲ, ಅದರಲ್ಲಿ ಗುರುತು ಸಿಗುವವರೇ ಕೊಡಬಹುದು.

ಪರದೆಯ ಮೇಲೆ ಬಂದು ಹೋಗುವ ಸಂದೇಶಗಳು

ಪೂರ್ತಿ ಪರದೆಯನ್ನು ರೆಕಾರ್ಡ್ ಮಾಡುವಾಗ ಮೇಲಿನಿಂದ ಇಳಿಯುವ ನೋಟಿಫಿಕೇಶನ್ ಕೂಡ ಸೇರುತ್ತದೆ. ‘ಓಟಿಪಿ ಕಂಡರೆ ಖಾತೆ ಖಾಲಿ’ ಎಂಬ ಮಾತು ಅರ್ಧ ನಿಜ. ಓಟಿಪಿಗೆ ಕೆಲವೇ ನಿಮಿಷಗಳ ಆಯಸ್ಸು. ಮರುದಿನ ಹಾಕುವ ವಿಡಿಯೊದಲ್ಲಿ ಅದು ಸತ್ತ ಸಂಖ್ಯೆ. ಲೈವ್‌ನಲ್ಲಿ ಮಾತ್ರ ಅದು ಜೀವಂತ. ಆದರೆ ಬ್ಯಾಂಕಿನ ಎಸ್ಸೆಮ್ಮೆಸ್‌ನಲ್ಲಿರುವ ಬಾಕಿ ಹಣ, ಅಪ್ಪನ ಸಂದೇಶ, ಗೆಳತಿಯ ಹೆಸರು ಇವಕ್ಕೆ ಅವಧಿ ಮುಗಿಯುವುದಿಲ್ಲ. 2024ರ ಆಂಡ್ರಾಯ್ಡ್ 15 ಪರದೆ ಹಂಚಿಕೊಳ್ಳುವಾಗ ಸೂಕ್ಷ್ಮ ನೋಟಿಫಿಕೇಶನ್‌ಗಳನ್ನು ಮರೆಮಾಡುತ್ತದೆ. ಹಳೆಯ ಫೋನುಗಳಲ್ಲಿ ‘ಡು ನಾಟ್ ಡಿಸ್ಟರ್ಬ್’ ಹಾಕಿಕೊಳ್ಳುವುದೇ ದಾರಿ. ಹೊಸ ಫೋನುಗಳಲ್ಲಿ ಒಂದೇ ಆಪ್ ರೆಕಾರ್ಡ್ ಮಾಡುವ ಆಯ್ಕೆಯೂ ಇದೆ.

ಇನ್ನು ಪ್ಲೇಯರ್ ಐಡಿ. ಅದೊಂದು ಸಂಖ್ಯೆ. ಅದು ಕಂಡ ಮಾತ್ರಕ್ಕೆ ಖಾತೆ ಹ್ಯಾಕ್ ಆಗುವುದಿಲ್ಲ. ಆದರೆ ಅದನ್ನು ಹಿಡಿದು ಅಪರಿಚಿತರು ನಿಮ್ಮನ್ನೂ ನಿಮ್ಮ ಸ್ಕ್ವಾಡಿನವರನ್ನೂ ಹುಡುಕಬಹುದು. ‘ಉಚಿತ ಯುಸಿ’ ಎಂಬ ಲಿಂಕ್ ಕಳಿಸಿ, ನಕಲಿ ಪುಟದಲ್ಲಿ ಪಾಸ್‌ವರ್ಡ್ ಹಾಕಿಸುತ್ತಾರೆ. ಖಾತೆ ಹೋಗುವುದು ಅಲ್ಲಿ.

ಲೈವ್ ಹಾಕಿದರೆ ಇನ್ನೊಂದು ತೊಂದರೆ. ಎದುರಾಳಿಗಳು ನಿಮ್ಮ ಲೈವ್ ನೋಡಿಕೊಂಡೇ ನೀವು ಅಡಗಿರುವ ಜಾಗಕ್ಕೆ ಬರಬಹುದು. ಪಳಗಿದವರು ಲೈವ್ ಅನ್ನು ಕೆಲವು ನಿಮಿಷ ತಡವಾಗಿ ಹೋಗುವಂತೆ ಹೊಂದಿಸುವುದು ಇದಕ್ಕೇ. ಲೈವ್ ಹಾಕಿದವರು ಒಬ್ಬರೇ ಆದರೂ ಸೋಲುವುದು ನಾಲ್ವರೂ.

ಸಾವಿರ ಸಬ್‌ಸ್ಕ್ರೈಬರ್ ಆದರೆ ದುಡ್ಡು?

ಯೂಟ್ಯೂಬಿನ ಜಾಹೀರಾತು ಹಣಕ್ಕೆ 1,000 ಸಬ್‌ಸ್ಕ್ರೈಬರ್ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. 18 ತುಂಬದವರಿಗೆ ಹಣ ಬರಬೇಕಾದರೆ ಪೋಷಕರ ಖಾತೆ ಬೇಕು. 2025ರ ಜುಲೈನಿಂದ 16 ತುಂಬದವರು ಒಬ್ಬರೇ ಲೈವ್ ಮಾಡುವಂತಿಲ್ಲ.

ಹಿನ್ನೆಲೆಯಲ್ಲಿ ಟಿವಿಯ ಸಿನಿಮಾ ಹಾಡು ಸೇರಿದ್ದರೆ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನು ಗುರುತಿಸಿ ಜಾಹೀರಾತು ಹಣವನ್ನು ಹಾಡಿನ ಹಕ್ಕುದಾರರಿಗೆ ಕೊಡಬಹುದು ಅಥವಾ ವಿಡಿಯೊ ತಡೆಯಬಹುದು. ಸಣ್ಣ ಚಾನೆಲ್‌ಗಳಿಗೆ ‘ನಮ್ಮ ಬೆಟ್ಟಿಂಗ್ ಆಪ್ ತೋರಿಸಿ, ದುಡ್ಡು ಕೊಡ್ತೀವಿ’ ಎಂಬ ಸಂದೇಶ ಬಂದರೆ ದೂರ ಇರಿ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೂ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ.

ಹಂಚುವ ಮುನ್ನ ಐದು ಕೆಲಸ

1. ಮ್ಯಾಚ್ ಶುರುವಾಗುವ ಮೊದಲೇ ‘ರೆಕಾರ್ಡ್ ಹಾಕ್ತಿದೀನಿ’ ಎಂದು ಸ್ಕ್ವಾಡಿನಲ್ಲಿ ಹೇಳಿ. ಯಾರಾದರೂ ಬೇಡ ಎಂದರೆ ಅವರ ಧ್ವನಿ ಬಾರದಂತೆ ನೋಡಿಕೊಳ್ಳಿ.

2. ರೆಕಾರ್ಡರಿನ ಸೆಟ್ಟಿಂಗ್‌ನಲ್ಲಿ ಮೈಕ್ ತೆಗೆದು ಒಳಗಿನ ಸದ್ದು ಮಾತ್ರ ಇಡಿ. ಇಯರ್‌ಫೋನ್ ಬಳಸಿ. ಒಂದು ನಿಮಿಷ ಪರೀಕ್ಷೆ ಮಾಡಿ, ಕೇಳಿ ನೋಡಿ.

3. ‘ಡು ನಾಟ್ ಡಿಸ್ಟರ್ಬ್’ ಹಾಕಿ.

4. ವಿಡಿಯೊದ ಮೊದಲ ಮತ್ತು ಕೊನೆಯ ಕೆಲವು ಸೆಕೆಂಡ್ ಕತ್ತರಿಸಿ. ಆಟ ತೆರೆಯುವ ಮೊದಲು ಮತ್ತು ಮುಚ್ಚಿದ ಮೇಲೆ ಚಾಟ್ ಪಟ್ಟಿ, ಫೋಟೊಗಳು ಸಿಕ್ಕಿಕೊಳ್ಳುವುದು ಅಲ್ಲೇ.

5. ಹಾಕುವ ಮೊದಲು ಪೂರ್ತಿ ಒಮ್ಮೆ ಧ್ವನಿ ಇಟ್ಟುಕೊಂಡು ನೋಡಿ. ಹೆಸರು, ಊರು, ಕಾಲೇಜು, ಬೈಗುಳ ಇರುವ ಕಡೆ ಸದ್ದು ತೆಗೆಯಿರಿ. ಉಚಿತವಾಗಿ ಸಿಗುವ ಎಡಿಟಿಂಗ್ ಆಪ್‌ಗಳಲ್ಲೇ ಇದು ಸಾಧ್ಯ.

ಪೋಷಕರಿಗೂ ಒಂದು ಮಾತು. ಬಿಜಿಎಂಐನಲ್ಲಿ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ. ಆಟ ಎಷ್ಟು ಹೊತ್ತು ಎಂದು ಕೇಳುವ ಹಾಗೆಯೇ, ವಿಡಿಯೊ ಎಲ್ಲಿಗೆ ಹೋಗುತ್ತಿದೆ, ಅದರಲ್ಲಿ ಯಾರ ಧ್ವನಿ ಇದೆ ಎಂದೂ ಕೇಳಿ. ನಕಲಿ ಲಿಂಕಿನಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಮಕ್ಕಳನ್ನು ಬೈಯುವುದಕ್ಕೆ ಆಮೇಲೂ ಸಮಯ ಸಿಗುತ್ತದೆ.