ಕ್ಯಾಮರಾ ಕೊಳ್ಳುವಿರಾ? ಬೈಕು ಮಾರುವ ಮುನ್ನ ಇದನ್ನು ಓದಿ!

ಮಂಡ್ಯದ ಬಸ್ ನಿಲ್ದಾಣ. ರಾತ್ರಿ ಎಂಟೂವರೆ ಗಂಟೆ. ಮೈಸೂರು ಬಸ್ಸಿಗೆ ಕಾಯುತ್ತಾ ಪುಸ್ತಕದಂಗಡಿಯ ಮುಂದೆ ನಿಂತಿದ್ದೆ. ಹೆಗಲಲ್ಲಿ ಕ್ಯಾಮರಾ ಚೀಲ. ಇಪ್ಪತ್ತು ಇಪ್ಪತ್ತೊಂದರ ಹುಡುಗನೊಬ್ಬ ಆ ಚೀಲವನ್ನೇ ದಿಟ್ಟಿಸುತ್ತಿದ್ದ. ಕಳ್ಳನಿರಬಹುದೇ ಎಂದು ಚೀಲ ಎದೆಗವಚಿಕೊಂಡೆ. ಹತ್ತಿರ ಬಂದು ಕೇಳಿಯೇಬಿಟ್ಟ.

''ಸಾರ್, ನಾನೂ ಕ್ಯಾಮರಾ ತಗೋಬೇಕು ಅಂತಿದೀನಿ. ಬೈಕ್ ಮಾರ್ತಾ ಇದೀನಿ. ಐವತ್ತೈದು ಸಾವಿರಕ್ಕೆ ಮಾತಾಗಿದೆ. ಯಾವ ಕ್ಯಾಮರಾ ತಗೊಳ್ಲಿ ಹೇಳಿ ಸಾರ್.''

''ಕೆಲಸಕ್ಕೆ ಹೇಗೆ ಹೋಗ್ತೀಯಪ್ಪ?''

''ಬೈಕಲ್ಲೇ ಸಾರ್. ದಿನಾ ಹದಿನಾರು ಕಿಲೋಮೀಟರು.''

ನೋಡಿದಿರಾ! ಶೂಟಿಂಗ್ ಬಂದರೆ ನಾಯಕನ ಸ್ಟಿಲ್ಸ್ ತೆಗೆಯಬೇಕು, ಜಾತ್ರೆ ಬಂದರೆ ಜಾತ್ರೆಯ ಚಿತ್ರ ತೆಗೆಯಬೇಕು, ಇಷ್ಟೇ ಅವನಾಸೆ. ಅದಕ್ಕಾಗಿ ಕೆಲಸಕ್ಕೆ ಹೋಗುವ ಗಾಡಿಯನ್ನೇ ಮಾರಲು ಹೊರಟಿದ್ದ. ನಾನು ಎರಡು ಬಸ್ಸು ಬಿಟ್ಟೆ. ಕ್ಯಾಂಟೀನಿನ ಬೆಂಚಿನ ಮೇಲೆ ಅವನನ್ನು ಕೂಡಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನಂಥವರು ನಮ್ಮ ಓದುಗರಲ್ಲಿ ಎಷ್ಟು ಜನ ಇದ್ದೀರೋ!

ಮೇಲುಕೋಟೆಯಲ್ಲಿ ನನಗಾದ ಅವಮಾನ

ಮೊದಲು ನನ್ನ ಕತೆ. ಪಿಯುಸಿ ಬಿಟ್ಟು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಕಾಲ. ಅಮ್ಮನ ಚೀಟಿ ದುಡ್ಡು 28 ಸಾವಿರ ಕೈಗೆ ಬಂತು. ಕ್ಯಾಮರಾ ತಗೊಂಡೆ. ಅದರ ಜತೆ ಪೆಟ್ಟಿಗೆಯಲ್ಲೇ ಬಂದಿತ್ತು 18-55 ಮಿ.ಮೀ. ಮಸೂರ. ಇನ್ನೇನು, ನಾನೇ ದೊಡ್ಡ ಛಾಯಾಗ್ರಾಹಕ ಅನ್ನುವ ಠೀವಿ!

ಮೇಲುಕೋಟೆಯಲ್ಲಿ ಒಂದು ಚಿತ್ರದ ಶೂಟಿಂಗ್. ಕಲ್ಯಾಣಿಯ ಮೆಟ್ಟಿಲು ತುಂಬ ದೀಪ. ಸೂರ್ಯ ಮುಳುಗಿದ ಹೊತ್ತು. ನಾಯಕಿ ದೀಪ ಹಿಡಿದು ಇಳಿದು ಬರುತ್ತಾಳೆ. ಪುಣ್ಯಾತ್ಮ ಮ್ಯಾನೇಜರೊಬ್ಬರು ನನ್ನನ್ನು ಹಗ್ಗದ ಒಳಗೆ ಬಿಟ್ಟಿದ್ದರು. ಟಪ್ ಟಪ್ ಎಂದು ಇನ್ನೂರು ಚಿತ್ರ ಹೊಡೆದೆ. ಮನೆಗೆ ಬಂದು ನೋಡಿದರೆ.... ಇನ್ನೂರರಲ್ಲಿ ಒಂದೂ ನೆಟ್ಟಗಿಲ್ಲ! ದೀಪ ಗೆರೆಯಾಗಿದೆ, ನಾಯಕಿ ನೆರಳಾಗಿದ್ದಾಳೆ, ಮುಖ ಮಂಜಾಗಿದೆ. ಪತ್ರಿಕೆಯವರು ಒಂದನ್ನೂ ತೆಗೆದುಕೊಳ್ಳಲಿಲ್ಲ. ಅಮ್ಮ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅದೇ ಸೆಟ್ಟಿನಲ್ಲಿದ್ದ ಹಿರಿಯ ಸ್ಥಿರಚಿತ್ರ ಛಾಯಾಗ್ರಾಹಕರಿಗೆ ಆಮೇಲೊಂದು ದಿನ ಚಿತ್ರಗಳನ್ನು ತೋರಿಸಿದೆ. ನಕ್ಕು ಹೇಳಿದರು: ''ಕ್ಯಾಮರಾ ಕೆಟ್ಟದ್ದಲ್ಲಪ್ಪ. ಕತ್ತಲಾದ ಮೇಲೆ ನಿನ್ನ ಮಸೂರಕ್ಕೆ ಇರುಳುಗಣ್ಣು. ಜನ ಪೆಟ್ಟಿಗೆಗೆ ದುಡ್ಡು ಸುರೀತಾರೆ, ಕಣ್ಣಿಗೆ ಸುರಿಯಲ್ಲ.''

ಆ ಒಂದು ಮಾತು ನನಗೆ ಎರಡು ವರ್ಷದ ಕಾಲೇಜು.

ಒಳಗಿರುವ ಕನ್ನಡಿ

ಡಿಎಸ್‌ಎಲ್‌ಆರ್ ಎಂದರೇನು? ಮಸೂರದ ಹಿಂದೆ ಓರೆಯಾಗಿ ಒಂದು ಕನ್ನಡಿ. ಬೆಳಕು ಮಸೂರದಿಂದ ಒಳಬಂದು ಕನ್ನಡಿಗೆ ಬಡಿದು, ಮೇಲಿರುವ ಪಟ್ಟಕದಲ್ಲಿ ತಿರುಗಿ ನಿಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲಕ್ಕೆ ಹಾರುತ್ತದೆ, ಷಟರ್ ತೆರೆಯುತ್ತದೆ, ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. ಆ 'ಟಪ್' ಸದ್ದು ಬರುವುದು ಇದರಿಂದಲೇ.

ಸಿನಿಮಾಕ್ಕೂ ಇದಕ್ಕೂ ರಕ್ತಸಂಬಂಧವಿದೆ ಗೊತ್ತೆ? 'ಫುಲ್ ಫ್ರೇಮ್' ಎಂದು ದೊಡ್ಡದಾಗಿ ಹೇಳುತ್ತಾರಲ್ಲ, ಆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರದ ಅಳತೆ ಬಂದದ್ದು ಸಿನಿಮಾ ರೀಲಿನಿಂದ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬಾತ 35 ಮಿ.ಮೀ. ಸಿನಿಮಾ ಫಿಲ್ಮನ್ನು ಅಡ್ಡಡ್ಡ ಓಡಿಸಿ, ಎರಡು ಸಿನಿಮಾ ಚೌಕಟ್ಟಿನ ಜಾಗದಲ್ಲಿ ಒಂದು ಚಿತ್ರ ತೆಗೆಯುವ ಪುಟ್ಟ ಕ್ಯಾಮರಾ ಕಟ್ಟಿದ. 1925ರಲ್ಲಿ ಅದು 'ಲೈಕಾ' ಆಗಿ ಮಾರುಕಟ್ಟೆಗೆ ಬಂತು. ಆ ಸಾಲವನ್ನು ಕ್ಯಾಮರಾ ಸಿನಿಮಾಕ್ಕೆ ತೀರಿಸಿದ್ದು ಎಂಬತ್ತಕ್ಕೂ ಹೆಚ್ಚು ವರ್ಷದ ಮೇಲೆ! 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್-2 ವಿಡಿಯೋ ತೆಗೆಯುವ ಡಿಎಸ್‌ಎಲ್‌ಆರ್‌ಗಳಾಗಿ ಬಂದವು. 2010ರಲ್ಲಿ ಅಮೆರಿಕದ 'ಹೌಸ್' ಟಿವಿ ಧಾರಾವಾಹಿಯ ಒಂದು ಕಂತನ್ನೇ 5ಡಿ ಮಾರ್ಕ್-2ರಲ್ಲಿ ಚಿತ್ರೀಕರಿಸಿದರು. 2011ರಲ್ಲಿ ರಾಮ್ ಗೋಪಾಲ್ ವರ್ಮಾ 'ದೊಂಗಲ ಮುಠಾ' ಎಂಬ ತೆಲುಗು ಚಿತ್ರವನ್ನು ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಐದೇ ದಿನದಲ್ಲಿ ಮುಗಿಸಿದರು.

ಆದರೆ ಮರೆಯಬೇಡಿ. ಯಂತ್ರ ಬೇರೆ, ಕಣ್ಣು ಬೇರೆ. ನಮ್ಮ ಮೈಸೂರಿನವರೇ ಆದ ವಿ.ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದೊಳಗೆ ಒಂದು ಬೆಳಕಿನ ಕೋಲನ್ನು ಇಳಿಸಿದರಲ್ಲ, ಅದಕ್ಕೆ ಯಾವ ದೊಡ್ಡ ದೀಪ ಬಳಸಿದರು? ಕನ್ನಡಿ! ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳತಂದರು. ಫಾಲ್ಕೆ ಪ್ರಶಸ್ತಿ ಪಡೆದ ಮೊಟ್ಟಮೊದಲ ಛಾಯಾಗ್ರಾಹಕ ಅವರೇ. ಬೆಳಕು ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದವನಿಗೆ ಸಣ್ಣ ಕ್ಯಾಮರಾವೂ ಸಾಕು.

ಇವತ್ತು ಡಿಎಸ್‌ಎಲ್‌ಆರ್ ಯಾಕೆ?

''ಈಗೆಲ್ಲಾ ಮಿರರ್‌ಲೆಸ್ ಸಾರ್'' ಅಂದ ಹುಡುಗ. ಜಾಣ! ನಿಜ. 2018ರಲ್ಲಿ ಕ್ಯಾನನ್ ಆರ್‌ಎಫ್ ಮಸೂರಗಳನ್ನೂ ನಿಕಾನ್ ಜೆಡ್ ಮಸೂರಗಳನ್ನೂ ತಂದ ಮೇಲೆ ಎರಡೂ ಕಂಪನಿಗಳ ಗಮನ ಕನ್ನಡಿಯಿಲ್ಲದ ಕ್ಯಾಮರಾಗಳತ್ತ ಹೊರಳಿತು. 2020ರ ನಂತರ ಇವರಿಬ್ಬರಿಂದಲೂ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ.

ನಮ್ಮಂಥ ಬಡ ಹವ್ಯಾಸಿಗಳಿಗೆ ಇದು ಕೆಟ್ಟ ಸುದ್ದಿಯೆ? ಖಂಡಿತಾ ಅಲ್ಲ. ದುಡ್ಡಿದ್ದವರು ಹೊಸದಕ್ಕೆ ಹಾರಿ ಹಳೆಯದನ್ನು ಮಾರುತ್ತಿದ್ದಾರೆ. ಅವರು ಇಳಿಸಿದ್ದನ್ನು ನಾವು ಏರಿಸಿಕೊಳ್ಳೋಣ! ಬ್ಯಾಟರಿ ವಿಷಯದಲ್ಲೂ ಹಳೆಯದೇ ಗಟ್ಟಿ. ನಿಕಾನ್ ಡಿ3500ರಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 1550 ಚಿತ್ರ ಎಂದು ಕಂಪನಿಯ ಲೆಕ್ಕ. ಕರೆಂಟು ಹೋಗುವ ಊರಿನವರಿಗೆ ಇದರ ಬೆಲೆ ಗೊತ್ತು.

ಒಂದೇ ಎಚ್ಚರಿಕೆ. ಮುಂದೆ ಮಿರರ್‌ಲೆಸ್‌ಗೆ ಹೋದರೂ ಕ್ಯಾನನ್ನಿನ ಇಎಫ್ ಮಸೂರಗಳು ಅಡಾಪ್ಟರ್ ಹಾಕಿದರೆ ಆರ್‌ಎಫ್ ಕ್ಯಾಮರಾದಲ್ಲಿ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿ ಒಳಗೆ ಮೋಟಾರಿರುವ ಎಎಫ್-ಎಸ್ ಮಸೂರಗಳಾದರೆ ಚಿಂತೆಯಿಲ್ಲ. ಆದ್ದರಿಂದ ಒಳ್ಳೆಯ ಮಸೂರಕ್ಕೆ ಹಾಕಿದ ದುಡ್ಡು ನೀರಿಗೆ ಹಾಕಿದಂತಲ್ಲ.

ಪೆಟ್ಟಿಗೆ ಯಾವುದು?

ಮೊದಲ ಕ್ಯಾಮರಾಕ್ಕೆ ಫುಲ್ ಫ್ರೇಮಿನ ಹುಚ್ಚು ಬೇಡ. ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿನ ಕ್ಯಾಮರಾ ಧಾರಾಳ ಸಾಕು. ಕ್ಯಾನನ್‌ನಲ್ಲಿ 1500ಡಿ, 200ಡಿ. ನಿಕಾನ್‌ನಲ್ಲಿ ಡಿ3500, ಡಿ5600. ಇವೆಲ್ಲ 24 ಮೆಗಾಪಿಕ್ಸೆಲ್. ಪತ್ರಿಕೆಯ ಪೂರ್ತಿ ಪುಟಕ್ಕೆ ಎಂಟು ಹತ್ತು ಮೆಗಾಪಿಕ್ಸೆಲ್ಲೇ ಸಾಕಾಗುವಾಗ ಮೆಗಾಪಿಕ್ಸೆಲ್ ಹೆಸರಿನಲ್ಲಿ ಮೋಸಹೋಗಬೇಡಿ. ವಿಡಿಯೋ ಆಸೆಯಿದ್ದರೆ 200ಡಿ ನೋಡಿ. ಅದರ ಪರದೆ ಹೊರಳುತ್ತದೆ, ವಿಡಿಯೋದಲ್ಲಿ ಫೋಕಸ್ ನಯವಾಗಿ ಹಿಡಿಯುತ್ತದೆ, ಮೈಕ್ ಸಿಕ್ಕಿಸಲು ಕಿಂಡಿಯೂ ಇದೆ.

ನಿಕಾನ್ ಕೊಳ್ಳುವವರಿಗೆ ಒಂದು ಗುಟ್ಟು. ಡಿ3000, ಡಿ5000 ಸಾಲಿನ ಕ್ಯಾಮರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ 'ಎಎಫ್-ಡಿ' ಮಸೂರ ತಂದು ಹಾಕಿದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. 'ಎಎಫ್-ಎಸ್' ಅಥವಾ 'ಎಎಫ್-ಪಿ' ಎಂದು ಬರೆದಿದೆಯೇ ನೋಡಿ ಕೊಳ್ಳಿ. 'ಎಎಫ್-ಪಿ'ಯಾದರೆ ತೀರ ಹಳೆಯ ಕ್ಯಾಮರಾಗಳಿಗೆ ಹೊಂದುವುದಿಲ್ಲ, ಹಾಕಿ ನೋಡಿಯೇ ದುಡ್ಡು ಕೊಡಿ.

ಕಣ್ಣು ಯಾವುದು?

ಈಗ ಬಂತು ನೋಡಿ ಅಸಲು ವಿಷಯ. ಪೆಟ್ಟಿಗೆಯ ಜತೆ ಬರುವ 18-55 ಕೆಟ್ಟದ್ದಲ್ಲ. ಹಗಲಲ್ಲಿ ಎಫ್ 8ಕ್ಕೆ ಇಟ್ಟು ತೆಗೆಯಿರಿ, ಕೂದಲೆಳೆಯೂ ಕಾಣುತ್ತದೆ. ಆದರೆ 55ಕ್ಕೆ ಎಳೆದಾಗ ಅದರ ಬಾಯಿ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 50 ಮಿ.ಮೀ. ಎಫ್ 1.8 ಎಂಬ ಪುಟ್ಟ ಮಸೂರವಿದೆಯಲ್ಲ, ಅದು ಎಫ್ 5.6ಕ್ಕಿಂತ ಹೆಚ್ಚುಕಡಿಮೆ ಹತ್ತುಪಟ್ಟು ಬೆಳಕನ್ನು ಒಳಬಿಡುತ್ತದೆ. ಹತ್ತುಪಟ್ಟು ಸ್ವಾಮಿ! ಒಂದರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಷಟರ್ ತೆರೆದಿರಬೇಕಾದರೆ ಇನ್ನೊಂದರಲ್ಲಿ ನೂರನೇ ಒಂದು ಭಾಗ ಸಾಕು. ಮೇಲುಕೋಟೆಯಲ್ಲಿ ನಾಯಕಿ ನೆರಳಾದದ್ದಕ್ಕೂ, ಆಗದೇ ಇರಬಹುದಾಗಿದ್ದಕ್ಕೂ ಇಷ್ಟೇ ವ್ಯತ್ಯಾಸ.

''ನನ್ನ ಮಸೂರದಲ್ಲಿ ನಡುಕ ತಡೆಯೋ ಸೌಲಭ್ಯ ಇದೆ'' ಎನ್ನುತ್ತೀರಾ? ಕ್ಯಾನನ್ ಅದನ್ನು 'ಐಎಸ್' ಅನ್ನುತ್ತದೆ, ನಿಕಾನ್ 'ವಿಆರ್' ಅನ್ನುತ್ತದೆ. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು. ಮೆಟ್ಟಿಲಿಳಿಯುವ ನಾಯಕಿಯನ್ನು ಅದು ನಿಲ್ಲಿಸುವುದಿಲ್ಲ. ನಾನು ಏಮಾರಿದ್ದೇ ಇಲ್ಲಿ.

ಎಪಿಎಸ್-ಸಿ ಕ್ಯಾಮರಾದಲ್ಲಿ ಮಸೂರದ ನೋಟ ಕಿರಿದಾಗುತ್ತದೆ. ಕ್ಯಾನನ್‌ನಲ್ಲಿ 1.6, ನಿಕಾನ್‌ನಲ್ಲಿ 1.5ರಿಂದ ಗುಣಿಸಿ. 50 ಮಿ.ಮೀ. ಹಾಕಿದರೆ 80 ಅಥವಾ 75ರಂತೆ ಕಾಣುತ್ತದೆ. ನಾಯಕನ ಕ್ಲೋಸಪ್ಪಿಗೆ ಹೇಳಿ ಮಾಡಿಸಿದ್ದು. ಆದರೆ ಇಕ್ಕಟ್ಟಾದ ಮನೆಯೊಳಗೆ ಗೋಡೆಗೆ ಬೆನ್ನು ಹತ್ತಿದರೂ ನಾಲ್ಕು ಜನ ಹಿಡಿಸುವುದಿಲ್ಲ. ಮನೆ, ಬೀದಿ, ಗೆಳೆಯರ ಗುಂಪು ನಿಮ್ಮ ಆಸೆಯಾದರೆ ನಿಕಾನ್‌ನ ಡಿಎಕ್ಸ್ 35 ಮಿ.ಮೀ. ಎಫ್ 1.8 ಅಥವಾ ಕ್ಯಾನನ್‌ನ ರೊಟ್ಟಿಯಂತೆ ತೆಳ್ಳಗಿರುವ 24 ಮಿ.ಮೀ. ಎಫ್ 2.8 ನೋಡಿ.

ಹಗ್ಗದಾಚೆ ನಿಂತು ಶೂಟಿಂಗ್ ನೋಡುವವರಿಗೆ, ಹಕ್ಕಿಯ ಹಿಂದೆ ಹೋಗುವವರಿಗೆ ಕ್ಯಾನನ್‌ನ 55-250, ನಿಕಾನ್‌ನ 70-300. ಆದರೆ ಇವು ಹಗಲಿನ ಗೆಳೆಯರು. ಸಂಜೆಯಾದರೆ ಕೈಕೊಡುತ್ತವೆ. ಎರಡೂ ಒಂದೇ ಸಲ ಕೊಳ್ಳಬೇಡಿ. ಆರು ತಿಂಗಳು 18-55ರಲ್ಲೇ ತೆಗೆದು, ನಿಮ್ಮ ಚಿತ್ರಗಳನ್ನು ಹರಡಿಕೊಂಡು ನೋಡಿ. ಹೆಚ್ಚಿನವು 55ರಲ್ಲೇ ಇವೆಯೆ? ದೂರದ್ದು ಬೇಕು. ಕತ್ತಲಲ್ಲಿ ಕೆಟ್ಟಿವೆಯೆ? 1.8 ಬೇಕು. ಅಂಗಡಿಯವನನ್ನು ಕೇಳುವುದಕ್ಕಿಂತ ನಿಮ್ಮ ಕೆಟ್ಟ ಚಿತ್ರಗಳನ್ನು ಕೇಳಿ. ಅವು ಸುಳ್ಳು ಹೇಳುವುದಿಲ್ಲ.

ಹಳೆಯದು ಕೊಳ್ಳುವಾಗ

ಸೆಕೆಂಡ್ ಹ್ಯಾಂಡ್ ಎಂದರೆ ಹೆದರಬೇಡಿ, ಆದರೆ ಕಣ್ಣುಮುಚ್ಚಿ ಕೊಳ್ಳಬೇಡಿ. ಒಮ್ಮೆ ನಾನು ರಾತ್ರಿ ಹೊತ್ತು, ತಂತಿ ಕಂಬದ ದೀಪದ ಕೆಳಗೆ ಮಸೂರ ಕೊಂಡೆ. ಬೆಳಿಗ್ಗೆ ನೋಡಿದರೆ ಒಳಗೆ ಜೇಡರ ಬಲೆಯಂತೆ ಬೂಷ್ಟು! ಈಗ ಹೀಗೆ ಮಾಡುತ್ತೇನೆ:

ಹಗಲಲ್ಲೇ ಹೋಗಿ. ಮೊಬೈಲ್ ಟಾರ್ಚನ್ನು ಮಸೂರದ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಬಾಧಕವಿಲ್ಲ. ಬೇರಿನಂತೆ ಹರಡಿದ ಬೂಷ್ಟು ಕಂಡರೆ ಕೈಮುಗಿದು ಬನ್ನಿ.

ಎಫ್ 16ಕ್ಕೆ ಇಟ್ಟು ಬರೀ ಆಕಾಶದ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳು. ಅದನ್ನು ಶುಚಿ ಮಾಡಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಆಮೇಲೆ ಮಸೂರದ ಮುಚ್ಚಳ ಹಾಕಿ ಹತ್ತು ಸೆಕೆಂಡಿನ ಚಿತ್ರ ತೆಗೆಯಿರಿ. ಕತ್ತಲಲ್ಲಿ ಬಣ್ಣಬಣ್ಣದ ನಕ್ಷತ್ರ ತುಂಬಿದ್ದರೆ ಬೇಡ.

ಷಟರ್ ಎಷ್ಟು ಸಲ ಬಡಿದಿದೆ ಕೇಳಿ. ಡಿ3500ರ ಷಟರನ್ನು ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿದ್ದಾರೆ. ನಿಕಾನ್ ಚಿತ್ರದ ಕಡತದೊಳಗೇ ಈ ಎಣಿಕೆ ಅಡಗಿರುತ್ತದೆ. ಕ್ಯಾನನ್‌ನ ಹೆಚ್ಚಿನ ಕ್ಯಾಮರಾಗಳಿಗೆ ಕಂಪ್ಯೂಟರಿಗೆ ತಂತಿ ಸಿಕ್ಕಿಸಿ ನೋಡಬೇಕು. ಮದುವೆ ಫೋಟೋದವರ ಕ್ಯಾಮರಾವಾದರೆ ಎರಡು ಸಲ ಯೋಚಿಸಿ.

ಕೊನೆಯದಾಗಿ ಬಿಲ್ಲು. ಅದರಲ್ಲಿರುವ ನಂಬರೂ ಕ್ಯಾಮರಾದ ಅಡಿಯಲ್ಲಿರುವ ನಂಬರೂ ಒಂದೇ ಇರಬೇಕು. ಕದ್ದ ಮಾಲಿಗೆ ಸಿಕ್ಕಿಬಿದ್ದರೆ ನಾಯಕನ ಬದಲು ಇನ್ಸ್‌ಪೆಕ್ಟರ ಕ್ಲೋಸಪ್ಪು ನೋಡಬೇಕಾದೀತು!

ಮನೆಗೆ ತಂದ ಮೇಲೆ ಬಟ್ಟೆ ಬೀರುವಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಇದೇ ಜೀವವಿಮೆ.

ಹುಡುಗ ಏನು ಮಾಡಿದ?

ಅವತ್ತು ಕೊನೆಯ ಬಸ್ಸು ಹತ್ತುವ ಮುಂಚೆ ಹುಡುಗನಿಗೆ ಹೇಳಿದೆ: ''ಬೈಕು ಇರಲಿ. ಬೈಕು ಇದ್ದರೆ ಸಂಬಳ. ಸಂಬಳ ಇದ್ದರೆ ಮಸೂರ. ಮೂರು ತಿಂಗಳು ಮೊಬೈಲಲ್ಲೇ ದಿನಕ್ಕೊಂದು ಚಿತ್ರ ತೆಗೆ. ಆಮೇಲೂ ಆಸೆ ಉಳಿದಿದ್ದರೆ ಕೊಳ್ಳು.'' ಮುಖ ಸಪ್ಪಗೆ ಮಾಡಿಕೊಂಡ. ಬೈದುಕೊಂಡಿರಬೇಕು.

ಎಂಟು ತಿಂಗಳಾದ ಮೇಲೆ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಹಳ್ಳಿಯ ಪೌರಾಣಿಕ ನಾಟಕ. ಪರದೆಯ ಹಿಂದೆ ಒಂದೇ ಬಲ್ಬು. ದುರ್ಯೋಧನನ ಪಾತ್ರಧಾರಿ ಕೈಕನ್ನಡಿ ಹಿಡಿದು ಮೀಸೆ ಅಂಟಿಸಿಕೊಳ್ಳುತ್ತಿದ್ದಾನೆ. ಕನ್ನಡಿಯೊಳಗೆ ಕಣ್ಣು ಫಳಫಳ, ಮೀಸೆಯ ಒಂದೊಂದು ಎಳೆಯೂ ಸ್ಪಷ್ಟ. ಕೆಳಗೆ ಬರೆದಿದ್ದ: ''ಹಳೇ 200ಡಿ, 50 ಎಫ್ 1.8. ಬೈಕ್ ಇದೆ ಸಾರ್. ಅದರಲ್ಲೇ ನಾಟಕಕ್ಕೆ ಹೋಗಿದ್ದು.''

ನನ್ನ ಇನ್ನೂರು ಮೇಲುಕೋಟೆ ಚಿತ್ರಗಳನ್ನು ಇಟ್ಟು ತೂಗಿದರೂ ಆ ಒಂದು ಚಿತ್ರಕ್ಕೆ ಸಮ ಬರಲಿಲ್ಲ. ಹೊಟ್ಟೆಕಿಚ್ಚಾಯಿತೆ ಎಂದು ಕೇಳುತ್ತೀರಾ?

ಆಗದೇ ಇರುತ್ತದೆಯೇ ಮಾರಾಯ್ರೆ! ಆದರೂ ಅಮ್ಮನಿಗೆ ತೋರಿಸಿದೆ. ''ಇದು ನೀನು ತೆಗೆದದ್ದಾ?'' ಅಂದಳು. ''ಇಲ್ಲಮ್ಮ, ನನ್ನ ಶಿಷ್ಯ'' ಅಂದೆ. ಅವಳು ಚೀಟಿ ದುಡ್ಡಿನ ಬಗ್ಗೆ ಕೊನೆಗೂ ಬಾಯಿಬಿಟ್ಟಳು: ''ಹೋಗ್ಲಿ ಬಿಡು, ಯಾರಿಗೋ ಒಬ್ಬರಿಗೆ ದಕ್ಕಿತಲ್ಲ!''