ರೈಲ್ವೆ ಕಚೇರಿ ಕಾಲೇಜಾದುದು

ಧಾರವಾಡದಲ್ಲಿ ‘ಕೆ.ಸಿ.ಡಿ.’ ಎಂಬ ಹೆಸರನ್ನು ಅರಿಯದವರಿಲ್ಲ. ಕರ್ನಾಟಕ ಕಾಲೇಜನ್ನು ಜನರು ಕರೆಯುವುದು ಹಾಗೆ. ಅದರ ಹಳೆಯ ಕಲ್ಲಿನ ಕಟ್ಟಡವನ್ನು ಕಂಡವರು, ಇದು ವಿದ್ಯಾದಾನಕ್ಕೆಂದೇ ಎತ್ತಿದ ಸೌಧವೆಂದು ಭಾವಿಸುವುದು ಸಹಜ. ಆದರೆ ಅದನ್ನು ಕಟ್ಟಿದುದು ಕಾಲೇಜಿಗಾಗಿ ಅಲ್ಲ, ರೈಲುಗಾಡಿಗಳ ಆಡಳಿತಕ್ಕಾಗಿ.

ಈ ಕಟ್ಟಡದ ಮೂಲವನ್ನು ಹುಡುಕುತ್ತ ಹೋದರೆ ಒಂದು ಭೀಕರ ಬರಗಾಲದ ಬಳಿಗೆ ಬಂದು ನಿಲ್ಲಬೇಕಾಗುತ್ತದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ನಡುಗಿಸಿದ ಆ ಬರವನ್ನು ಜನರು ಸಂವತ್ಸರಗಳ ಹೆಸರಿನಿಂದ ‘ಧಾತು ಈಶ್ವರ ಬರ’ ಎಂದು ನೆನೆದರು. ಆಗ ಈ ಸೀಮೆಯ ಸಾಗಣೆಯೆಲ್ಲ ಎತ್ತಿನ ಬಂಡಿಯನ್ನೇ ನಂಬಿತ್ತು. ಧಾರವಾಡ ಸೀಮೆಯ ಹತ್ತಿಯ ಅಂಡಿಗೆಗಳು ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರನ್ನು ಸೇರುತ್ತಿದ್ದವು. ಬರದಲ್ಲಿ ಮೇವಿಲ್ಲದೆ ಎತ್ತುಗಳೇ ಸತ್ತುಬಿದ್ದಾಗ, ಬೇರೆಡೆ ಧಾನ್ಯವಿದ್ದರೂ ಅದನ್ನು ಹಸಿದವರ ಊರಿಗೆ ಹೊತ್ತು ತರುವವರಾರು?

ಬರಗಾಲವನ್ನು ಕುರಿತು ವಿಚಾರಣೆ ನಡೆಸಿದ ಆಯೋಗವು ಇಂತಹ ಒಣ ಪ್ರದೇಶಗಳಿಗೆ ರೈಲುಮಾರ್ಗ ಬೇಕೆಂದು 1880ರಲ್ಲಿ ಸೂಚಿಸಿತು. ಅದರ ಫಲವಾಗಿ 1882ರಲ್ಲಿ ‘ಸದರ್ನ್ ಮರಾಠಾ ರೈಲ್ವೆ’ ಎಂಬ ಕಂಪನಿ ಹುಟ್ಟಿತು. ಬಂಡವಾಳ ಹೂಡಿದವರಿಗೆ ಬಡ್ಡಿ ತಪ್ಪದೆಂದು ಸರಕಾರವೇ ಹೊಣೆ ನಿಂತಿತ್ತು. ಹಸಿದವರ ನೆಪದಲ್ಲಿ ಹಾಕಿದ ಹಳಿಯ ಮೇಲೆ ಹತ್ತಿಯೂ ಬಂದರಿನತ್ತ ಸಾಗಿತೆಂಬುದನ್ನು ಮರೆಯಲಾಗದು. ಸೊಲ್ಲಾಪುರದ ಬಳಿಯ ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಬಂದ ಮಾರ್ಗವು 1884ರಲ್ಲಿ ಸಿದ್ಧವಾಯಿತು. ಮರುವರ್ಷ ಹುಬ್ಬಳ್ಳಿಯಲ್ಲಿ ಕಾರ್ಖಾನೆ ಆರಂಭವಾಯಿತು. 1888ರ ಹೊತ್ತಿಗೆ ಹಳಿಗಳು ಲೋಂಡಾವನ್ನು ದಾಟಿ ಗೋವೆಯ ಮಾರ್ಗವನ್ನು ಕೂಡಿದವು.

ಈ ಕಂಪನಿಯ ಕೇಂದ್ರ ಕಚೇರಿ ನೆಲೆಗೊಂಡುದು ಧಾರವಾಡದಲ್ಲಿ. ಅಂದಿನ ಮಾರ್ಗಗಳು ಒಂಟಿ ಹಳಿಯವು. ಎದುರುಬದುರಾಗಿ ಬರುವ ಗಾಡಿಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಹೀಗಾಗಿ ವೇಳಾಪಟ್ಟಿಯ ಒಂದು ತಪ್ಪು ಪ್ರಾಣಕ್ಕೆ ಎರವಾಗಬಹುದಿತ್ತು. ಇಂತಹ ಲೆಕ್ಕವೆಲ್ಲ ಕೇಂದ್ರ ಕಚೇರಿಯ ಹೊಣೆ. 1886ರಿಂದ ಮೈಸೂರು ಸಂಸ್ಥಾನದ ರೈಲುಗಳನ್ನು ನಡೆಸುವ ಭಾರವೂ ಇದೇ ಕಂಪನಿಗೆ ಬಂತು. ಆಗ ಕನ್ನಡ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಎಂದು ಹರಿದು ಹಂಚಿಹೋಗಿತ್ತು. ಅಂತಹ ಕಾಲದಲ್ಲಿ ವಿಜಾಪುರದ ಗಾಡಿಗೂ ಬಳ್ಳಾರಿಯ ಗಾಡಿಗೂ ಬೆಂಗಳೂರಿನ ಗಾಡಿಗೂ ಆಜ್ಞೆ ಹೊರಡುತ್ತಿದ್ದುದು ಧಾರವಾಡದಿಂದ! ನಾಡನ್ನು ಒಂದುಗೂಡಿಸುವ ಉದ್ದೇಶವೇನೂ ಕಂಪನಿಗಿರಲಿಲ್ಲ. ಅದರ ಹೆಸರಿನಲ್ಲಿ ಕನ್ನಡದ ಸುಳಿವೂ ಇರಲಿಲ್ಲ. ಕನ್ನಡಿಗರು ತುಂಬಿದ್ದ ಈ ಸೀಮೆಯನ್ನು ಆಂಗ್ಲರು ‘ದಕ್ಷಿಣ ಮರಾಠಾ ಪ್ರದೇಶ’ವೆಂದೇ ಕರೆಯುತ್ತಿದ್ದರು.

1908ರಲ್ಲಿ ಈ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಬೆರೆಯಿತು. ಹೊಸ ಕಂಪನಿಯ ಕೇಂದ್ರ ಕಚೇರಿ ಮದ್ರಾಸಿನಲ್ಲಿ. ದೊಡ್ಡ ಕಚೇರಿಯೊಂದು ಊರನ್ನು ಬಿಟ್ಟುಹೋದರೆ ಹೋಗುವುದು ಮೇಜು ಕುರ್ಚಿಗಳಷ್ಟೇ ಅಲ್ಲ. ಗುಮಾಸ್ತರು, ಅವರ ಸಂಸಾರಗಳು, ಅವರನ್ನು ನಂಬಿದ ಅಂಗಡಿಕಾರರು, ಎಲ್ಲರಿಗೂ ಅದರ ಬಿಸಿ ತಟ್ಟುತ್ತದೆ. ಧಾರವಾಡದ ಪಾಲಿಗೆ ಉಳಿದುದು ಕಲ್ಲಿನ ಕಟ್ಟಡ.

ಅದೇ ಕಾಲಕ್ಕೆ ಈ ಭಾಗದ ತರುಣರನ್ನು ಬೇರೊಂದು ಕೊರತೆ ಕಾಡುತ್ತಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಪದವಿ ಶಿಕ್ಷಣ ಕೊಡುವ ಕಾಲೇಜು ಇರಲಿಲ್ಲ. ಮೆಟ್ರಿಕ್ ಪಾಸಾದ ಹುಡುಗ ಮುಂದೆ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕು. ರೈಲಿನ ಸೌಕರ್ಯವೇನೋ ಇತ್ತು. ಪರಸ್ಥಳದಲ್ಲಿ ವರ್ಷಗಟ್ಟಲೆ ಊಟ, ವಸತಿಯ ವೆಚ್ಚ ಭರಿಸುವ ಶಕ್ತಿ ಎಷ್ಟು ಮನೆಗಳಿಗಿತ್ತು? ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದ ಹಿರಿಯರು ಇದಕ್ಕಾಗಿ ಶ್ರಮಿಸಿದರು. ಜನರಿಂದ ವಂತಿಗೆ ಕೂಡಿಸಿದರು. ಕೊನೆಗೆ 1917ರಲ್ಲಿ ಸರಕಾರವು ಧಾರವಾಡದಲ್ಲಿ ಕಾಲೇಜನ್ನು ತೆರೆಯಿತು. ಅದಕ್ಕೆ ಮುಂದೆ ನೆಲೆಯಾಗಿ ದೊರೆತುದು ಇದೇ ರೈಲ್ವೆ ಕಚೇರಿ. ಗುಮಾಸ್ತರು ಕುಳಿತಿದ್ದ ಕೋಣೆಗಳಲ್ಲಿ ವಿದ್ಯಾರ್ಥಿಗಳು ಕುಳಿತರು.

ಕಾಲೇಜಿಗೆ ಇಟ್ಟ ಹೆಸರು ‘ಕರ್ನಾಟಕ’. ರಾಜ್ಯಕ್ಕೆ ಆ ಹೆಸರು ಬಂದುದು 1973ರಲ್ಲಿ, ಎಂದರೆ 56 ವರ್ಷಗಳ ತರುವಾಯ. ವಿ.ಕೃ. ಗೋಕಾಕರು ಇಲ್ಲಿ ಓದಿದರು. ಮುಂದಿನ ತಲೆಮಾರಿನಲ್ಲಿ ಗಿರೀಶ ಕಾರ್ನಾಡರು ಓದಿದರು. ಇಬ್ಬರಿಗೂ ಜ್ಞಾನಪೀಠ ಪ್ರಶಸ್ತಿ ಬಂತು. ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾದ ಮೇಲೆ ಕಾಲೇಜು ಅದರ ಆಡಳಿತಕ್ಕೆ ಸೇರಿತು.

ಮದ್ರಾಸಿಗೆ ಹೋದ ರೈಲ್ವೆಯ ಕೇಂದ್ರ ಕಚೇರಿಯ ಗೌರವವು ಈ ಅವಳಿನಗರಕ್ಕೆ ಮರಳಿ ದೊರೆಯಲು 95 ವರ್ಷಗಳು ಬೇಕಾದವು. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆ ವಲಯವು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಆರಂಭವಾಯಿತು. ಅದರ ಕಚೇರಿ ಹುಬ್ಬಳ್ಳಿಯ ‘ರೈಲ್ ಸೌಧ’ದಲ್ಲಿದೆ. ಧಾರವಾಡದ ಹಳೆಯ ಕಟ್ಟಡದಲ್ಲಿ ಪಾಠಗಳು ನಡೆದೇ ಇವೆ.