ಹೊಲದ ಮಣ್ಣು, ಕುಂಡದ ಮಣ್ಣು

ಯಲಬುರ್ಗಾದ ಎರೆಸೀಮೆಯಿಂದ ಗಂಗಾವತಿಯ ಬಾಡಿಗೆ ಮನೆಗೆ ಸಂಸಾರ ಹೂಡಲು ಬರುವ ಹೆಣ್ಣುಮಗಳ ಸಾಮಾನುಗಳ ನಡುವೆ ಒಂದು ತುಳಸಿಯ ಸಸಿಯೂ, ಅದರ ಬುಡಕ್ಕೆಂದು ತವರಿನ ಹೊಲದ ಒಂದು ಬುಟ್ಟಿ ಕರಿಯ ಮಣ್ಣೂ ಇರುವುದು ಅಪರೂಪವೇನಲ್ಲ. ತಲೆತಲಾಂತರದಿಂದ ಜೋಳ ಕಡಲೆಗಳನ್ನು ಬೆಳೆದುಕೊಟ್ಟ ಮಣ್ಣು ಒಂದು ತುಳಸಿಯನ್ನು ಸಾಕಲಾರದೆ ಎಂಬ ನಂಬಿಕೆ ಅದರ ಹಿಂದಿರುತ್ತದೆ. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಎಲೆ ಹಳದಿಗೆ ತಿರುಗುತ್ತದೆ, ಬುಡ ಕಪ್ಪಾಗುತ್ತದೆ. ನೀರು ಸಾಲದಾಯಿತೆಂದು ಇನ್ನೊಂದು ತಂಬಿಗೆ ಹೆಚ್ಚು ಎರೆದರೆ ಗಿಡ ಇನ್ನಷ್ಟು ಬೇಗ ಸೊರಗುತ್ತದೆ. ಅಂಗಳದ ತುಳಸಿ ಒಣಗುವುದು ಮನೆಗೆ ಒಳಿತಲ್ಲವೆಂದು ನಂಬಿದ ಹಿರಿಯರ ಮುಖ ಸಪ್ಪಗಾಗುತ್ತದೆ. “ಸೊಸೆಯ ಕೈಗುಣ” ಎಂಬ ಮಾತೂ ಕೆಲವೆಡೆ ಕೇಳಿಬರುವುದುಂಟು.

ಈ ಅಪವಾದ ಅನ್ಯಾಯವಾದುದು. ಅಪರಾಧಿಯನ್ನು ಹುಡುಕಬೇಕಾದುದು ಕೈಯಲ್ಲಲ್ಲ, ಕುಂಡದೊಳಗೆ.

ಹೊಲದಲ್ಲಿ ಅಮೃತ, ಕುಂಡದಲ್ಲಿ ವಿಷ

ಎರೆಮಣ್ಣಿನ ಕಣಗಳು ಅತ್ಯಂತ ಸೂಕ್ಷ್ಮವಾದವು. ನೀರು ಬಿದ್ದರೆ ಉಬ್ಬಿ ಅಂಟಾಗುವುದು, ಒಣಗಿದರೆ ಕುಗ್ಗಿ ಬಿರುಕುಬಿಡುವುದು ಅದರ ಸ್ವಭಾವ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನಷ್ಟು ಮಳೆ ಕಾಣುವ ಈ ಸೀಮೆಯಲ್ಲಿ ಆ ಸ್ವಭಾವವೇ ರೈತನ ಪಾಲಿನ ವರ. ಹಿಡಿದಿಟ್ಟ ತೇವದಿಂದಲೇ ಹಿಂಗಾರಿನ ಬಿಳಿಜೋಳ ತೆನೆಗೆ ಬರುತ್ತದೆ. ಹೊಲದಲ್ಲಿ ಹೆಚ್ಚಾದ ನೀರು ಇಳಿದುಹೋಗಲು ಕೆಳಗೆ ಆಳವಾದ ನೆಲವಿದೆ. ಕುಂಡದಲ್ಲಿಯಾದರೋ ಒಂದು ಗೇಣಿನ ಕೆಳಗೆ ತಳವೇ ಬಂದುಬಿಡುತ್ತದೆ.

ಇದನ್ನು ಮನಗಾಣಲು ಪ್ರಯೋಗಶಾಲೆ ಬೇಕಾಗಿಲ್ಲ. ಒಗೆದು ಹಗ್ಗದ ಮೇಲೆ ಹರವಿದ ಸೀರೆಯನ್ನು ನೋಡಿದರೆ ಸಾಕು. ಮೇಲುಭಾಗ ಒಣಗಿ ಗಾಳಿಗೆ ಹಾರಾಡುತ್ತಿದ್ದರೂ ಕೆಳಗಿನ ಅಂಚು ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಕುಂಡದ ಮಣ್ಣೂ ಹಾಗೆಯೇ. ತಳದಲ್ಲಿ ರಂಧ್ರವಿದ್ದರೂ ಅದರ ಮೇಲಿನ ಕೆಲವು ಅಂಗುಲ ಮಣ್ಣು ನೀರಿನಿಂದ ತುಂಬಿಯೇ ನಿಲ್ಲುತ್ತದೆ. ಕಣಗಳು ಸಣ್ಣವಾದಷ್ಟೂ ಈ ಒದ್ದೆಯ ಪದರ ದಪ್ಪವಾಗುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಗಾಳಿ ಸಿಗದ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದಾದುದರಿಂದ, ನೀರಿನ ನಡುವೆ ನಿಂತ ಗಿಡವೇ ಬಾಯಾರಿ ಬಾಡುತ್ತದೆ.

ತಳಕ್ಕೆ ಒಂದು ಹಾಸು ಜಲ್ಲಿ ಹಾಕಿದರೆ ನೀರು ಸರಾಗವಾಗಿ ಇಳಿಯುತ್ತದೆಂಬ ನಂಬಿಕೆ ಬಹುಕಾಲದ್ದು. ಇದು ಸರಿಯಲ್ಲ. ಸೂಕ್ಷ್ಮವಾದ ಮಣ್ಣು ಪೂರ್ತಿ ನೆನೆಯುವ ತನಕ ನೀರನ್ನು ಕೆಳಗಿನ ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಆದುದರಿಂದ ಒದ್ದೆಯ ಪದರ ಕಡಿಮೆಯಾಗುವ ಬದಲು ಬೇರಿನ ಹತ್ತಿರಕ್ಕೆ ಮೇಲೇರುತ್ತದೆ. ಮಣ್ಣು ಸೋರಿಹೋಗದಂತೆ ರಂಧ್ರದ ಮೇಲೆ ಒಂದು ಹಂಚಿನ ಚೂರನ್ನು ಬೋರಲಾಗಿ ಇಟ್ಟರೆ ಸಾಕು.

ನಾಲ್ಕು ಊರುಗಳ ಕೊಡುಗೆ

ಹಾಗಾದರೆ ಕುಂಡಕ್ಕೆ ತುಂಬಬೇಕಾದುದೇನು? ಬೇಕಾದುದೆಲ್ಲವೂ ಈ ಜಿಲ್ಲೆಯಲ್ಲಿಯೇ ದೊರೆಯುತ್ತದೆ. ಕೊಪ್ಪಳ, ಕುಷ್ಟಗಿಗಳ ಸುತ್ತಿನ ಕೆಂಪು ಮಸಾರಿ ಮಣ್ಣಿನಲ್ಲಿ ಮರಳಿನ ಅಂಶವಿರುವುದರಿಂದ ನೀರು ಇಳಿದುಹೋಗುತ್ತದೆ. ಆದರೆ ಅದರಲ್ಲಿ ಸಾರ ಕಡಿಮೆ. ಒಣಗಿದಾಗ ಮೇಲೆ ಹೆಪ್ಪುಗಟ್ಟುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ ಭತ್ತದ ನಾಡಾಯಿತು. ಅಲ್ಲಿನ ಅಕ್ಕಿ ಗಿರಣಿಗಳ ಹೊಟ್ಟು ಮಣ್ಣನ್ನು ಹಗುರಗೊಳಿಸಿ ಬೇರಿಗೆ ಗಾಳಿಯಾಡಿಸುವ ವಸ್ತು. ಹಸಿಯ ಹೊಟ್ಟಿಗಿಂತ ಅರೆಸುಟ್ಟು ಕಪ್ಪಗೆ ಕರಕಲಾದ ಹೊಟ್ಟು ಮೇಲು. ಅದರಲ್ಲಿ ಉಳಿದ ಭತ್ತದ ಕಾಳು ಮೊಳೆಯುವ ಕಾಟವಿಲ್ಲ. ಪೂರ್ಣವಾಗಿ ಉರಿದು ಬೂದು ಬಣ್ಣಕ್ಕೆ ಬಂದ ಬೂದಿಯಾದರೋ ಕ್ಷಾರಗುಣದ್ದು. ಅದನ್ನು ಚಿಟಿಕೆಗಿಂತ ಹೆಚ್ಚು ಬಳಸಬಾರದು.

ಎರಡು ಪಾಲು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಒಂದು ಪಾಲು ಕರಕಲು ಹೊಟ್ಟು: ಸಾಮಾನ್ಯವಾದ ಹೂಗಿಡಗಳಿಗೆ ಈ ಬೆರಕೆ ಸಾಕು. ಹೊಟ್ಟು ದೊರೆಯದಿದ್ದರೆ ದಪ್ಪ ಮರಳಾದೀತು. ತಿಪಟೂರು, ಅರಸೀಕೆರೆಗಳಂಥ ತೆಂಗಿನ ಸೀಮೆಯಲ್ಲಿ ಹೇರಳವಾಗಿರುವ ತೆಂಗಿನ ನಾರಿನ ಪುಡಿ ಈಗ ಇಟ್ಟಿಗೆಯ ರೂಪದಲ್ಲಿ ಎಲ್ಲೆಡೆ ಮಾರಾಟಕ್ಕಿದೆ. ತೇವ ಹಿಡಿಯುವುದರಲ್ಲಿ ಅದು ನಿಪುಣ. ಆದರೆ ಅದರಲ್ಲಿ ಆಹಾರವಿಲ್ಲವೆಂಬಷ್ಟು ಕಡಿಮೆ. ಉಪ್ಪಿನ ಅಂಶವೂ ಇರಬಹುದಾದ್ದರಿಂದ ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸುವುದು ಲೇಸು.

ಬೆರಕೆಯನ್ನು ಪರೀಕ್ಷಿಸುವ ಬಗೆ ಸುಲಭ. ಒದ್ದೆಮಾಡಿದ ಒಂದು ಹಿಡಿ ಬೆರಕೆಯನ್ನು ಉಂಡೆ ಕಟ್ಟಿ ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಉದುರಿದರೆ ಹದ ಸರಿಯಾಗಿದೆ. ಉಂಡೆಯಾಗಿಯೇ ಉಳಿದರೆ ಇನ್ನಷ್ಟು ಹೊಟ್ಟು ಬೇಕು.

ಇಂಥ ಬೆರಕೆಗಳನ್ನು ಕುರಿತು ವ್ಯವಸ್ಥಿತವಾದ ಪ್ರಯೋಗಗಳು ಇಂಗ್ಲೆಂಡಿನಲ್ಲಿ ನಡೆದುವು. ಅಲ್ಲಿಯ ತೋಟಗಾರರು ಗಿಡಕ್ಕೊಂದರಂತೆ ಗುಟ್ಟಿನ ಬೆರಕೆಗಳನ್ನು ಇಟ್ಟುಕೊಂಡಿದ್ದ ಕಾಲವದು. 1930ರ ದಶಕದಲ್ಲಿ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯ ಲಾರೆನ್ಸ್ ಮತ್ತು ನ್ಯೂವೆಲ್ ಎಂಬುವರು ಏಳು ಪಾಲು ಗೋಡುಮಣ್ಣು, ಮೂರು ಪಾಲು ಪೀಟ್ ಎಂಬ ಕಳಿತ ಜೌಗು ಸಸ್ಯ, ಎರಡು ಪಾಲು ದಪ್ಪ ಮರಳು ಸೇರಿದ ಒಂದೇ ಬೆರಕೆ ನಾನಾ ಜಾತಿಯ ಗಿಡಗಳಿಗೆ ಒಗ್ಗುವುದೆಂದು ತೋರಿಸಿಕೊಟ್ಟರು. ಗುಟ್ಟು ವಸ್ತುವಿನಲ್ಲಿರಲಿಲ್ಲ, ನೀರು, ಗಾಳಿ, ಆಹಾರಗಳ ಹೊಂದಾಣಿಕೆಯಲ್ಲಿತ್ತು.

ಒಂದು ಚಮಚದ ಲೆಕ್ಕ

ಮಣ್ಣಿನ ಮಾತು ಮುಗಿದರೆ ಗೊಬ್ಬರದ ಮಾತು. ಇಲ್ಲಿ ಗಿಡಗಳು ಹಸಿವಿನಿಂದ ಸಾಯುವುದಕ್ಕಿಂತ ಅಜೀರ್ಣದಿಂದ ಸಾಯುವುದೇ ಹೆಚ್ಚು. ಹತ್ತು ಅಂಗುಲ ಬಾಯಿಯ ಕುಂಡಕ್ಕೆ ಒಂದು ಚಹದ ಚಮಚ, ಅಂದರೆ ಸುಮಾರು 4 ಗ್ರಾಂ ಯೂರಿಯಾ ಹಾಕಿದರೆಂದು ಭಾವಿಸೋಣ. ಅಂಥ ಕುಂಡಗಳ ಬಾಯಿಯ ಅಳತೆಯಲ್ಲಿ ಎಣಿಸಿದರೆ ಒಂದು ಎಕರೆಗೆ 80 ಸಾವಿರ ಕುಂಡಗಳಾಗುತ್ತವೆ. ಆ ಚಮಚದ ಲೆಕ್ಕದಲ್ಲಿ ಎಕರೆಗೆ ಬೀಳುವ ಯೂರಿಯಾ 320 ಕಿಲೋಗ್ರಾಂ. 45 ಕಿಲೋಗ್ರಾಂ ತೂಕದ ಏಳು ಚೀಲಗಳಿಗೂ ಮಿಕ್ಕುದು! ಹೊಲಕ್ಕೆ ಹಾಗೆ ಸುರಿಯುವ ರೈತ ಎಲ್ಲಿಯೂ ಸಿಗಲಾರ.

ಹಿಂಡಿಗಳು ನಿಧಾನವಾಗಿ ಕರಗುವುದರಿಂದ ಅಷ್ಟು ಅಪಾಯಕಾರಿಗಳಲ್ಲ. ಕುಂಡ ತುಂಬುವಾಗಲೇ ಒಂದು ಹಿಡಿ ಬೇವಿನ ಹಿಂಡಿ ಬೆರೆಸುವುದು ಒಳ್ಳೆಯದು. ಕುರಿಯ ಹಿಕ್ಕೆ ಬಲವಾದ ಗೊಬ್ಬರ. ಕುಷ್ಟಗಿಯ ಕಡೆ ಹೊಲದಲ್ಲಿ ಕುರಿ ನಿಲ್ಲಿಸುವ ರೂಢಿಯಿರುವುದು ಸುಮ್ಮನೆ ಅಲ್ಲ. ಆದರೆ ಹಸಿಯ ಹಿಕ್ಕೆಯಾಗಲಿ ಹಸಿಯ ಸೆಗಣಿಯಾಗಲಿ ಕುಂಡದಲ್ಲಿ ಕಳಿಯುವಾಗ ಕಾವೇರಿ ಬೇರನ್ನು ಸುಡುತ್ತದೆ. ವಾಸನೆ ಹೋಗಿ, ಕೈಗೆ ಪುಡಿಪುಡಿಯಾಗಿ ಸಿಗುವ ಗೊಬ್ಬರವೇ ಯೋಗ್ಯವಾದುದು. ಅಂಗಡಿಯ 19:19:19 ಗೊಬ್ಬರವನ್ನೇ ಬಳಸುವುದಾದರೆ ಲೀಟರ್ ನೀರಿಗೆ ಒಂದು ಗ್ರಾಂ ಕರಗಿಸಿ, ಗಿಡ ಚಿಗುರುವ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಮಣ್ಣು ತೇವವಾಗಿರುವಾಗ ಕೊಟ್ಟರೆ ಸಾಕು. ಬಾಡಿದ ಗಿಡಕ್ಕೆ ಗೊಬ್ಬರ ಎಂದಿಗೂ ಸಲ್ಲದು. ಜ್ವರದಲ್ಲಿ ಮಲಗಿದವನಿಗೆ ಹೋಳಿಗೆ ಬಡಿಸಿದಂತಾದೀತು.

ಕೊಳವೆಬಾವಿಯ ಗಡಸು ನೀರೂ ತನ್ನ ಗುರುತನ್ನು ಬಿಡುತ್ತದೆ. ಕುಂಡದ ಅಂಚಿನಲ್ಲಿ ಮೂಡುವ ಬಿಳಿಯ ಪೊರೆ ಲವಣದ್ದು. ತಿಂಗಳಿಗೊಮ್ಮೆ ತಳದಿಂದ ಧಾರಾಳವಾಗಿ ಹರಿಯುವಂತೆ ನೀರು, ಸಿಕ್ಕರೆ ಮಳೆನೀರು, ಎರೆದು ಅದನ್ನು ತೊಳೆಯಬೇಕು. ಕರಿಬೇವಿನ ಚಿಗುರು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕ್ಷಾರ ಹೆಚ್ಚಾದುದರಿಂದ ಬೇರಿಗೆ ದಕ್ಕುವುದಿಲ್ಲ. ಆಗ ಬೂದಿ ಸುರಿದರೆ ರೋಗ ಬಲಿಯುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಕೆಲವು ಹನಿ ನಿಂಬೆರಸ ಬೆರೆಸಿ ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಿದರೆ ಹಸುರು ಮರಳುತ್ತದೆ. ಅನಂತರ ಕೆಲವು ದಿನ ಬಿಟ್ಟು, ಎಲೆಯನ್ನು ತೊಳೆದು ಒಗ್ಗರಣೆಗೆ ಬಳಸಬಹುದು.

ಇನ್ನು ಸೊರಗಿದ ಆ ತುಳಸಿಯ ಮಾತು. ಗಿಡವನ್ನು ಮೆಲ್ಲಗೆ ಹೊರತೆಗೆದು, ಕೊಳೆತ ಕರಿಯ ಬೇರುಗಳನ್ನು ಕತ್ತರಿಸಿ, ಹೊಸ ಬೆರಕೆಯಲ್ಲಿ ನೆಟ್ಟು ಕೆಲವು ದಿನ ನೆರಳಿನಲ್ಲಿಡಬೇಕು. ಅದು ಉಳಿಯದಿದ್ದರೂ ಒಣಗಿದ ಕದಿರಿನಲ್ಲಿ ಬೀಜವಿರುತ್ತದೆ. ಉದುರಿಸಿದರೆ ಅದೇ ತುಳಸಿಯ ಸಂತಾನ ಮೊಳೆಯುತ್ತದೆ. ತವರಿನ ಮಣ್ಣನ್ನು ಚೆಲ್ಲಬೇಕಾದ ಕಾರಣವೂ ಇಲ್ಲ. ನಾಲ್ಕು ಪಾಲು ಮಸಾರಿಗೆ ಒಂದು ಪಾಲು ಎರೆ ಬೆರೆತರೆ, ಬೇಸಗೆಯಲ್ಲಿ ತೇವವನ್ನೂ ಸಾರವನ್ನೂ ಹಿಡಿದಿಡುವ ಅದರ ಗುಣವೇ ಗಿಡವನ್ನು ಕಾಯುತ್ತದೆ. ಒಂಟಿಯಾಗಿ ಕುಂಡ ಸೇರಿದಾಗ ಗಿಡವನ್ನು ಕೊಂದ ಮಣ್ಣು, ಬೇರೂರಿನ ಮಣ್ಣಿನೊಡನೆ ಬೆರೆತಾಗ ಅದನ್ನು ಸಾಕುತ್ತದೆ. ಕೈಗುಣದ ಮಾತು ಅಲ್ಲಿಗೆ ಮುಗಿಯಲಿ.